ತುಂಬಿದ ಮೇಜು, ಬರಿದಾದ ಗಲ್ಲಾ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ನಗರಗಳಲ್ಲಿ ಸ್ವಂತ ಹೋಟೆಲ್ ನಡೆಸುತ್ತಿರುವವರಿಂದ, ಇಲ್ಲವೇ ನಡೆಸಬೇಕೆಂದು ಯೋಚಿಸುತ್ತಿರುವವರಿಂದ ಬಂದಿವೆ. ಸರಣಿ ಹೋಟೆಲುಗಳಿಗಿರುವ ಸಗಟು ಖರೀದಿಯ ಬಲವಾಗಲಿ, ಕೇಂದ್ರ ಕಚೇರಿಯ ಲೆಕ್ಕಪತ್ರ ವಿಭಾಗವಾಗಲಿ ಇವರಿಗಿಲ್ಲ. ಆದ್ದರಿಂದ ಆ ಪತ್ರಗಳನ್ನಷ್ಟೇ ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹೋಟೆಲಿಗೆ ಈಗ ಮೂರು ವರ್ಷ. ವಾರಾಂತ್ಯದಲ್ಲಿ ಗಿರಾಕಿಗಳು ಬಾಗಿಲಲ್ಲಿ ಕಾದು ನಿಲ್ಲುತ್ತಾರೆ, ಮಾರಾಟವೂ ವರ್ಷದಿಂದ ವರ್ಷಕ್ಕೆ ಏರಿದೆ. ಆದರೂ ತಿಂಗಳ ಕೊನೆಯಲ್ಲಿ ಸರಕು ಕೊಡುವವರ ಬಾಕಿ ತೀರಿಸುವುದೇ ಕಷ್ಟವಾಗಿದೆ. ಹಣ ಎಲ್ಲಿ ಸೋರುತ್ತಿದೆ?

ಉತ್ತರ: ಇಂತಹ ಪತ್ರ ಬರೆದವರಲ್ಲಿ ನೀವು ಮೊದಲಿಗರಲ್ಲ, ಮತ್ತು ನಿಮ್ಮ ಕೈಚಳಕದಲ್ಲಿ ದೋಷವಿದೆಯೆಂದು ನನಗನಿಸುವುದೂ ಇಲ್ಲ. ಊಟ ಚೆನ್ನಾಗಿಲ್ಲದಿದ್ದರೆ ಜನ ಬಾಗಿಲಲ್ಲಿ ಕಾಯುತ್ತಿರಲಿಲ್ಲ. ನೀವು ಮಾರಾಟದ ಮೊತ್ತವನ್ನೇ ಆರೋಗ್ಯದ ಅಳತೆಗೋಲೆಂದು ತಿಳಿದಿದ್ದೀರಿ. ಆದರೆ ಹೋಟೆಲ್ ವ್ಯವಹಾರದಲ್ಲಿ ಆ ಮೊತ್ತ ಹೇಳುವುದು ಬಹಳ ಕಡಿಮೆ.

ಮೇಜಿಗೆ ಬಡಿಸುವ ಹೋಟೆಲುಗಳ ವಿಷಯದಲ್ಲಿ ಈ ವೃತ್ತಿಯವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಂದಾಜು ಹೀಗಿದೆ. ನೂರರಷ್ಟು ಮಾರಾಟವಾದರೆ ಅಡುಗೆ ಸಾಮಗ್ರಿಗೆ 28ರಿಂದ 35, ಸಂಬಳ ಮತ್ತು ನೌಕರರ ಸವಲತ್ತುಗಳಿಗೆ ಹೆಚ್ಚುಕಡಿಮೆ ಅಷ್ಟೇ, ಬಾಡಿಗೆಗೆ 6ರಿಂದ 10 ಹೋಗುತ್ತದೆ. ಸಾಮಗ್ರಿ ಮತ್ತು ಸಂಬಳ ಇವೆರಡರ ಮೊತ್ತ 60–65ನ್ನು ದಾಟಿತೆಂದರೆ, ವಿದ್ಯುತ್ತು, ಇಂಧನ, ದುರಸ್ತಿ, ತೆರಿಗೆ, ಸಾಲದ ಬಡ್ಡಿ ಎಲ್ಲವನ್ನೂ ಕಳೆದ ಮೇಲೆ ಮಾಲೀಕನಿಗೆ ಉಳಿಯುವುದು ಬಹುಶಃ ಏನೂ ಇಲ್ಲ. ಚೆನ್ನಾಗಿ ನಡೆಯುವ ಸ್ವತಂತ್ರ ಹೋಟೆಲಿಗೂ ನೂರಕ್ಕೆ ಮೂರರಿಂದ ಐದು ಉಳಿದರೆ ಅದು ಸಾಧಾರಣ ಫಲಿತಾಂಶವೇ. ಇಷ್ಟು ತೆಳುವಾದ ಲಾಭವಿರುವಲ್ಲಿ, ಸಾಮಗ್ರಿಯ ವೆಚ್ಚ ನಿಮಗೆ ಗೊತ್ತಾಗದ ಹಾಗೆ 32ರಿಂದ 36ಕ್ಕೆ ಏರಿದರೆ ಸಾಕು, ಇಡೀ ವರ್ಷದ ದುಡಿಮೆ ಮಾಯವಾಗುತ್ತದೆ.

ಅದು ಗೊತ್ತಾಗದೆ ಏರುವುದು ಹೇಗೆ ಎಂದರೆ, ಹೆಚ್ಚಿನವರು ಸಾಮಗ್ರಿಯ ವೆಚ್ಚವೆಂದು ಲೆಕ್ಕ ಹಾಕುವುದು ಆ ತಿಂಗಳು ಕೊಂಡ ಸರಕನ್ನು ಮಾತ್ರ. ನಿಜವಾದ ಬಳಕೆ ತಿಳಿಯಬೇಕಾದರೆ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನು ಕಳೆಯಬೇಕು. ಇದನ್ನು ತಿಂಗಳಿಗೊಮ್ಮೆಯಲ್ಲ, ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಮಾಡಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇದಿಲ್ಲದೆ ಕಳ್ಳತನ, ಕೊಳೆತ, ಅಳತೆ ಮೀರಿ ಬಡಿಸಿದ್ದು, ಸರಕಿನವರು ತೂಕದಲ್ಲಿ ಕಡಿತ ಮಾಡಿದ್ದು ಎಲ್ಲವೂ ಒಂದೇ ಗುಡ್ಡೆಯಲ್ಲಿ ಬಿದ್ದಿರುತ್ತವೆ ಮತ್ತು ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ದಾರಿಯೇ ಇರುವುದಿಲ್ಲ.

ಜೊತೆಗೆ, ಪ್ರತಿ ಖಾದ್ಯಕ್ಕೂ ತೂಕದ ಸಮೇತ ಒಂದು ಪಾಕಪಟ್ಟಿ ಬರೆದಿಡಿ. ಅದರಲ್ಲಿ ಕೊಂಡ ಬೆಲೆಯ ಬದಲು ಬಳಕೆಗೆ ಬಂದ ಭಾಗದ ಬೆಲೆ ಇರಲಿ. ಹತ್ತು ಕಿಲೋ ತರಕಾರಿ ಕೊಂಡು, ಸಿಪ್ಪೆ ತೊಟ್ಟು ತೆಗೆದ ಮೇಲೆ ಏಳೂವರೆ ಕಿಲೋ ಉಳಿದರೆ, ಬಾಣಲೆಗೆ ಬಿದ್ದ ತರಕಾರಿಯ ದರ ನೀವು ಅಂಗಡಿಯಲ್ಲಿ ಕೊಟ್ಟದ್ದಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು. ನಾನು ಯಾವುದಾದರೂ ಹೋಟೆಲಿನ ಲೆಕ್ಕ ನೋಡಲು ಹೋದಾಗ ಪುಸ್ತಕ ಬಿಚ್ಚುವ ಮೊದಲು ಕಸದ ಡಬ್ಬಿ ನೋಡುತ್ತೇನೆ. ಅಡುಗೆಮನೆಯ ಡಬ್ಬಿ ತುಂಬಿದ್ದರೆ ತಯಾರಿಯ ಪ್ರಮಾಣ ತಪ್ಪಿದೆ, ತಟ್ಟೆ ತೊಳೆಯುವಲ್ಲಿನ ಡಬ್ಬಿ ತುಂಬಿದ್ದರೆ ಬಡಿಸುವ ಪ್ರಮಾಣ ತಪ್ಪಿದೆ. ಇದನ್ನು ಕಂಡುಕೊಳ್ಳಲು ಯಾವ ತಂತ್ರಾಂಶವೂ ಬೇಕಿಲ್ಲ.

ಇನ್ನು ವಾರಾಂತ್ಯದ ಸಾಲಿನ ವಿಷಯ. ಖಾಲಿ ಕುರ್ಚಿಯ ಒಂದು ಗಂಟೆ, ಹೊರಟುಹೋದ ಬಸ್ಸಿನ ಖಾಲಿ ಸೀಟಿನಂತೆ, ಮರುದಿನ ಮಾರಲು ಸಿಗುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಶೆರಿಲ್ ಕೈಮ್ಸ್ ಅವರು 1990ರ ದಶಕದ ಕೊನೆಯಲ್ಲಿ ವಿಮಾನ ಮತ್ತು ವಸತಿಗೃಹಗಳ ಲೆಕ್ಕಾಚಾರವನ್ನು ಹೋಟೆಲುಗಳಿಗೆ ಅನ್ವಯಿಸಿ, ಒಂದು ಆಸನ ಒಂದು ಗಂಟೆಯಲ್ಲಿ ಗಳಿಸಿಕೊಡುವ ಆದಾಯವನ್ನು ಅಳೆಯಬೇಕೆಂದು ತೋರಿಸಿದರು. ನೀವು ಹಾಗೆ ಅಳೆದರೆ ಶನಿವಾರ ರಾತ್ರಿಯ ಎರಡು ಗಂಟೆಗಳು ವಾರದ ಉಳಿದ ಗಂಟೆಗಳನ್ನೆಲ್ಲ ಹೆಗಲ ಮೇಲೆ ಹೊತ್ತಿರುವುದು ಕಾಣಬಹುದು. ಆ ಎರಡು ಗಂಟೆಗಳಲ್ಲಿ ಮೇಜು ಬೇಗ ತೆರವಾಗುವಂತೆ ಬಿಲ್ಲನ್ನು ಕೇಳಿದ ಕೂಡಲೇ ತಂದುಕೊಡುವುದು, ಇಬ್ಬರು ಬಂದಾಗ ನಾಲ್ವರ ಮೇಜನ್ನು ಕೊಡಬೇಕಾಗದಂತೆ ಮೇಜುಗಳ ಗಾತ್ರ ಬದಲಿಸುವುದು ಫಲ ಕೊಡುತ್ತದೆ. ಮಂಗಳವಾರ ಮಧ್ಯಾಹ್ನ ಮೇಜುಗಳು ಖಾಲಿಯಿರುವ ಸಮಸ್ಯೆಗೆ ಉತ್ತರ ಬೇರೆ. ಆ ದಿನ ಎಷ್ಟು ಜನ ಕೆಲಸಕ್ಕಿರಬೇಕು, ಆ ಹೊತ್ತು ಬಾಗಿಲು ತೆರೆಯಲೇಬೇಕೇ ಎಂದು ಕೇಳಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ನಿಮ್ಮ ಪತ್ರದ ಜೊತೆಗಿದ್ದ ಖರ್ಚಿನ ಪಟ್ಟಿಯಲ್ಲಿ ನಿಮ್ಮ ಸಂಬಳವೂ ಇಲ್ಲ, ಗಲ್ಲಾದಲ್ಲಿ ಕೂರುವ ನಿಮ್ಮ ಪತ್ನಿಯವರ ಸಂಬಳವೂ ಇಲ್ಲ. ಇಬ್ಬರ ಕೆಲಸಕ್ಕೂ ಹೊರಗಿನವರನ್ನಿಟ್ಟರೆ ಕೊಡಬೇಕಾದಷ್ಟನ್ನು ಬರೆದು ಮತ್ತೆ ಕೂಡಿಸಿ ನೋಡಿ.

ಪ್ರಶ್ನೆ: ಆನ್‌ಲೈನ್ ಆಹಾರ ವಿತರಣಾ ಆ್ಯಪ್‌ಗಳಿಂದ ಆರ್ಡರ್ ಚೆನ್ನಾಗಿಯೇ ಬರುತ್ತಿದೆ. ಆದರೆ ಕಮಿಷನ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಬಿಟ್ಟುಬಿಡಲೇ?

ಉತ್ತರ: ಹೊಟ್ಟೆಯುರಿಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕೋಣ. ಬಿಲ್ ನೂರು ಎಂದಿಟ್ಟುಕೊಳ್ಳಿ. ಸಾಮಗ್ರಿಗೆ 32, ಡಬ್ಬಿ ಚೀಲಗಳಿಗೆ 5, ಕಮಿಷನ್ನಿಗೆ 25, ಆ್ಯಪ್‌ನವರು ಒತ್ತಾಯಿಸಿದ ರಿಯಾಯಿತಿಯಲ್ಲಿ ನಿಮ್ಮ ಪಾಲು 10 ಎಂದಾದರೆ ನಿಮ್ಮ ಕೈಗೆ ಉಳಿಯುವುದು 28. ಅದೇ ಗಿರಾಕಿ ಒಳಗೆ ಕುಳಿತು ಉಂಡಿದ್ದರೆ ಉಳಿಯುತ್ತಿದ್ದದ್ದು 68. ಬಡಿಸುವವರ ಸಂಬಳ, ಕುರ್ಚಿಯ ಜಾಗದ ಬಾಡಿಗೆ ಆ 68ರಿಂದಲೇ ಹೋಗಬೇಕೆಂಬುದು ನಿಜ. ಆದರೆ ಆ ಸಂಬಳ, ಆ ಬಾಡಿಗೆಗಳನ್ನು ಗಿರಾಕಿ ಬಾರದಿದ್ದರೂ ನೀವು ಕೊಡಲೇಬೇಕು.

ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಕಮಿಷನ್ ಎಷ್ಟು ಎನ್ನುವುದಲ್ಲ, ಈ ಆರ್ಡರ್ ಯಾರಿಂದ ಬಂತು ಎನ್ನುವುದು. ನಿಮ್ಮ ಹೋಟೆಲಿಗೆ ಎಂದೂ ಬಾರದಿದ್ದ ದೂರದ ಬಡಾವಣೆಯವರು, ಒಲೆ ಸುಮ್ಮನಿದ್ದ ಹೊತ್ತಿನಲ್ಲಿ ತರಿಸಿಕೊಂಡರೆ ಆ 28 ಪೂರ್ತಿಯಾಗಿ ಹೊಸ ಗಳಿಕೆ. ಆದರೆ ಪಕ್ಕದ ರಸ್ತೆಯ ಹಳೆಯ ಗಿರಾಕಿ ನಡೆದು ಬರುವ ಬದಲು ಫೋನಿನಲ್ಲಿ ಆರ್ಡರ್ ಮಾಡಿದರೆ, ನೀವು 68ನ್ನು ಬಿಟ್ಟು 28ನ್ನು ಪಡೆದಿರಿ, ಮತ್ತು ಆ 68ನ್ನು ಗಳಿಸಲು ಆ್ಯಪ್‌ನ ಒಟ್ಟು ಹೆಚ್ಚುಕಡಿಮೆ ಎರಡೂವರೆ ಆರ್ಡರ್ ಬೇಕು. ಶನಿವಾರ ರಾತ್ರಿ ಒಳಗಿನ ಮೇಜುಗಳ ಊಟ ತಡವಾಗುವಂತೆ ಅಡುಗೆಮನೆ ಪಾರ್ಸೆಲ್ ಕಟ್ಟುತ್ತಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಆ ಎರಡು ಗಂಟೆ ಆ್ಯಪ್ ಬಂದ್ ಮಾಡಲು ನಿಮಗೆ ಅವಕಾಶವಿದ್ದರೆ ಅದನ್ನು ಬಳಸಿ.

ನನ್ನ ಸಲಹೆ, ಬಿಡಬೇಡಿ, ಆದರೆ ನಿಮ್ಮ ಪೂರ್ತಿ ಪಟ್ಟಿಯನ್ನು ಅಲ್ಲಿಡಬೇಡಿ. ಅರ್ಧ ಗಂಟೆ ಡಬ್ಬಿಯಲ್ಲಿ ಕುಳಿತರೂ ರುಚಿ ಕೆಡದ, ಸಾಮಗ್ರಿಯ ವೆಚ್ಚ ಕಡಿಮೆಯಿರುವ ಎಂಟು ಹತ್ತು ಖಾದ್ಯಗಳನ್ನು ಮಾತ್ರ ಇಡಿ. ಕರಾರು ಅನುಮತಿಸಿದರೆ ಬೆಲೆಯನ್ನು ಬೇರೆಯಾಗಿಯೇ ನಿಗದಿಪಡಿಸಿ. ಹತ್ತಿರದವರಿಗೆ ಫೋನ್ ಮಾಡಿ ಬಂದು ಒಯ್ಯುವ ವ್ಯವಸ್ಥೆಯನ್ನು ನೀವೇ ಮಾಡಿ. ಆ್ಯಪ್ ಮೂಲಕ ಬಂದ ಗಿರಾಕಿಯ ಹೆಸರು, ಸಂಖ್ಯೆ, ಅಭಿರುಚಿ ಎಲ್ಲವೂ ಆ್ಯಪ್‌ನವರ ಬಳಿ ಉಳಿಯುತ್ತದೆ, ನಿಮಗೆ ಸಿಗುವುದು ಆರ್ಡರಿನ ಚೀಟಿ ಮಾತ್ರ. ಕಮಿಷನ್ನಿಗಿಂತ ದೊಡ್ಡ ಬೆಲೆ ಇದೇ ಎಂದು ನನ್ನ ಅಭಿಪ್ರಾಯ. ಸರ್ಕಾರ ಮಧ್ಯೆ ಬರುವುದೆಂದು ಕಾಯುವುದೂ ಜಾಣತನವಲ್ಲ. 2020ರ ಸಾಂಕ್ರಾಮಿಕದ ಹೊತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ಮೊದಲಾದ ನಗರಗಳು ಆ್ಯಪ್‌ಗಳು ಹೋಟೆಲುಗಳಿಂದ ಪಡೆಯುವ ವಿತರಣಾ ಶುಲ್ಕಕ್ಕೆ ಶೇ. 15ರ ಮಿತಿ ಹಾಕಿದವು, ನಿಜ. ಆದರೆ ಆ್ಯಪ್ ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು, ಕೆಲವೆಡೆ ಗಿರಾಕಿಗಳ ಮೇಲೆ ಹೊಸ ಶುಲ್ಕಗಳನ್ನೂ ಹಾಕಿದವು.

ಪ್ರಶ್ನೆ: ಬಾಡಿಗೆ ಕರಾರು ಮುಗಿಯುತ್ತಿದೆ. ಕಟ್ಟಡದ ಮಾಲೀಕರು ಶೇ. 30ರಷ್ಟು ಹೆಚ್ಚು ಕೇಳುತ್ತಿದ್ದಾರೆ. ಒಪ್ಪಿಕೊಳ್ಳುವುದೋ, ಜಾಗ ಬದಲಿಸುವುದೋ?

ಉತ್ತರ: ಈಗ ನಿಮ್ಮ ಬಾಡಿಗೆ ಮಾರಾಟದ ಶೇ. 10 ಆಗಿದ್ದರೆ ಅದು 13 ಆಗುತ್ತದೆ. ನಿಮಗೆ ಉಳಿಯುತ್ತಿದ್ದದ್ದು 5 ಆದರೆ ಇನ್ನು ಉಳಿಯುವುದು 2. ಆ ಮೂರನ್ನು ಮರಳಿ ಗಳಿಸಲು, ಸಾಮಗ್ರಿಯ ವೆಚ್ಚ 32 ಎಂದಿಟ್ಟುಕೊಂಡು, ಒಬ್ಬ ನೌಕರನನ್ನೂ ಹೆಚ್ಚಿಸದೆ ಮಾರಾಟವನ್ನು ಸುಮಾರು ಶೇ. 4.5ರಷ್ಟು ಏರಿಸಬೇಕು. ಇದು ಅಸಾಧ್ಯವಲ್ಲ. ಆದ್ದರಿಂದ ಶೇ. 30 ಎಂಬ ಸಂಖ್ಯೆ ಕೇಳಿಯೇ ಗಾಬರಿಯಾಗುವ ಅಗತ್ಯವಿಲ್ಲ. ಈಗಾಗಲೇ ಬಾಡಿಗೆ ಶೇ. 15 ದಾಟಿದ್ದರೆ ಮಾತ್ರ ನನ್ನ ಉತ್ತರ ಬೇರೆಯಾಗುತ್ತದೆ, ಆಗ ನೀವು ಕಟ್ಟಡದ ಮಾಲೀಕರಿಗಾಗಿ ದುಡಿಯುತ್ತಿದ್ದೀರಿ.

ಜಾಗ ಬದಲಿಸುವ ಖರ್ಚನ್ನು ಜನ ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಹೊಗೆ ಹೊರಹಾಕುವ ಕೊಳವೆ, ಎಣ್ಣೆಜಿಡ್ಡು ತಡೆಯುವ ತೊಟ್ಟಿ, ಅಗ್ನಿಸುರಕ್ಷೆ, ವಿದ್ಯುತ್ತಿನ ಹೆಚ್ಚುವರಿ ಸಾಮರ್ಥ್ಯ ಇವಕ್ಕೆ ಹಾಕಿದ ಹಣವನ್ನು ಕಿತ್ತು ಒಯ್ಯಲಾಗುವುದಿಲ್ಲ, ಹೊಸ ಜಾಗದಲ್ಲಿ ಪರವಾನಗಿಗಳು ಬರುವ ತನಕ ಬಾಡಿಗೆಯೂ ಸಂಬಳವೂ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಚೌಕಾಸಿ ಮಾಡಿ. ಏರಿಕೆಯನ್ನು ಮೂರು ವರ್ಷಗಳಲ್ಲಿ ಹಂಚಿಕೊಡಲು ಕೇಳಿ, ಕರಾರಿನ ಅವಧಿ ಉದ್ದವಾಗಿರಲೆಂದು ಕೇಳಿ, ಕರಾರನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಕ್ಕು ಕೇಳಿ. ಈ ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ನಾಳೆ ಹೋಟೆಲನ್ನು ಮಾರಬೇಕೆಂದರೆ ಕೊಳ್ಳುವವನು ಪಾತ್ರೆಗಳಿಗಿಂತ ಮೊದಲು ನೋಡುವುದು ಕರಾರಿನಲ್ಲಿ ಎಷ್ಟು ವರ್ಷ ಉಳಿದಿದೆ, ಅದು ತನಗೆ ಸಿಗುತ್ತದೆಯೇ ಎಂಬುದನ್ನು. ಕೆಲವು ಮಾಲೀಕರು ಕಡಿಮೆ ನಿಶ್ಚಿತ ಬಾಡಿಗೆಯ ಜೊತೆಗೆ ಮಾರಾಟದ ಪಾಲು ಪಡೆಯಲೂ ಒಪ್ಪುತ್ತಾರೆ. ಕೆಟ್ಟ ತಿಂಗಳುಗಳಲ್ಲಿ ಅದು ನಿಮ್ಮನ್ನು ಉಳಿಸುತ್ತದೆ, ಆದರೆ ನಿಮ್ಮ ಲೆಕ್ಕದ ಪುಸ್ತಕವನ್ನು ಅವರಿಗೆ ತೋರಿಸಲು ಮನಸ್ಸಿರಬೇಕು.

ಪ್ರಶ್ನೆ: ನಮ್ಮ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಖಾದ್ಯಗಳಿವೆ. ಕಡಿಮೆ ಮಾಡಿದರೆ ಗಿರಾಕಿಗಳು ಬೇಸರಪಡುತ್ತಾರೆಂಬ ಭಯ.

ಉತ್ತರ: ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಕಸವಾನಾ ಮತ್ತು ಡೊನಾಲ್ಡ್ ಸ್ಮಿತ್ 1982ರಲ್ಲಿ ಒಂದು ಸರಳ ವಿಧಾನ ಕೊಟ್ಟರು. ಪ್ರತಿ ಖಾದ್ಯವನ್ನೂ ಎರಡು ಪ್ರಶ್ನೆಗಳಿಂದ ಅಳೆಯಿರಿ. ಅದು ಹೆಚ್ಚು ಮಾರಾಟವಾಗುತ್ತದೆಯೇ, ಮತ್ತು ಸಾಮಗ್ರಿಯ ವೆಚ್ಚ ಕಳೆದು ತಟ್ಟೆಯೊಂದಕ್ಕೆ ಹೆಚ್ಚು ಉಳಿಸುತ್ತದೆಯೇ? ಎರಡೂ ಇದ್ದರೆ ಅದು ನಕ್ಷತ್ರ. ಮಾರಾಟವಿದ್ದು ಉಳಿತಾಯವಿಲ್ಲದ್ದು ಉಳುವ ಕುದುರೆ. ಉಳಿತಾಯವಿದ್ದರೂ ಯಾರೂ ಕೇಳದ್ದು ಒಗಟು. ಎರಡೂ ಇಲ್ಲದ್ದನ್ನು ಅವರು ನಾಯಿ ಎಂದು ಕರೆದರು, ನಾಯಿಗಳಿಗೆ ಸ್ವಲ್ಪ ಅನ್ಯಾಯವೇ ಆಯಿತು.

ನಿಮ್ಮ ಮೂರು ತಿಂಗಳ ಬಿಲ್ಲುಗಳನ್ನು ಹೀಗೆ ವಿಂಗಡಿಸಿದರೆ ನಿಮ್ಮ ಭಯಕ್ಕೆ ಉತ್ತರ ಅಲ್ಲಿಯೇ ಸಿಗುತ್ತದೆ, ಏಕೆಂದರೆ ಕೊನೆಯ ಗುಂಪಿನ ಖಾದ್ಯಗಳನ್ನು ತೆಗೆದರೆ ಬೇಸರಪಡಲು ಅವನ್ನು ತರಿಸುವವರೇ ಇಲ್ಲ. ಆದರೆ ಆ ಖಾದ್ಯಗಳಿಗಾಗಿ ತಂದ ವಿಶೇಷ ಸಾಮಗ್ರಿ ಶೀತಕಪಾಟಿನಲ್ಲಿ ಕೊಳೆಯುತ್ತಿರುತ್ತದೆ, ಹೊಸ ಬಾಣಸಿಗನೊಬ್ಬ ಅವನ್ನೂ ಕಲಿಯಬೇಕಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಒಂದು ಕುಟುಂಬದಲ್ಲಿ ಒಬ್ಬರು ತಿನ್ನುವುದು ನಿಮ್ಮಲ್ಲಿ ಸಿಗದಿದ್ದರೆ ಐವರೂ ಬೇರೆಡೆಗೆ ಹೋಗಬಹುದು. ಅಂತಹ ಒಂದೆರಡು ಖಾದ್ಯಗಳನ್ನು, ಲೆಕ್ಕ ಏನೇ ಹೇಳಲಿ, ಉಳಿಸಿಕೊಳ್ಳಿ. ಉಳುವ ಕುದುರೆಗಳ ಬೆಲೆಯನ್ನು ಒಮ್ಮೆಲೇ ಏರಿಸಬೇಡಿ, ಗಿರಾಕಿಗಳು ಬೇರೆ ಹೋಟೆಲಿನೊಡನೆ ಹೋಲಿಸುವುದು ಅವುಗಳ ಬೆಲೆಯನ್ನೇ.

ಪ್ರಶ್ನೆ: ಕೆಲಸಗಾರರು ಮೂರು ತಿಂಗಳೂ ನಿಲ್ಲುವುದಿಲ್ಲ. ಸಂಬಳ ಹೆಚ್ಚಿಸಿದರೂ ಪ್ರಯೋಜನವಾಗಿಲ್ಲ.

ಉತ್ತರ: ಸಂಬಳ ಹೆಚ್ಚಿಸಿದ ಮೇಲೂ ಅವರು ಬೆಳಿಗ್ಗೆ ಬಂದು, ಮಧ್ಯಾಹ್ನ ಮೂರು ಗಂಟೆ ಸುಮ್ಮನೆ ಕಾದು, ಮತ್ತೆ ರಾತ್ರಿ ಹನ್ನೊಂದರವರೆಗೆ ದುಡಿಯುತ್ತಿದ್ದಾರೆಯೇ? ಮುಂದಿನ ವಾರದ ರಜೆ ಯಾವ ದಿನವೆಂದು ಅವರಿಗೆ ಈ ವಾರವೇ ಗೊತ್ತಿರುತ್ತದೆಯೇ? ದೊಡ್ಡ ನಗರದಲ್ಲಿ ಅದೇ ಕೈಗಳಿಗೆ ಗೋದಾಮು, ವಿತರಣೆ, ಭದ್ರತೆಯ ಕೆಲಸಗಳು ಕಾದಿವೆ, ಮತ್ತು ಅವುಗಳಲ್ಲಿ ಕೆಲಸದ ಹೊತ್ತು ಗೊತ್ತಿರುತ್ತದೆ. ಎರಡು ಹೊತ್ತಿನ ಒಡೆದ ಪಾಳಿಯನ್ನು ತೆಗೆದು ಒಂದೇ ಪಾಳಿ ಮಾಡಿ, ವೇಳಾಪಟ್ಟಿಯನ್ನು ಎರಡು ವಾರ ಮೊದಲೇ ಗೋಡೆಗೆ ಅಂಟಿಸಿದ ಹೋಟೆಲುಗಳಲ್ಲಿ ಜನ ಉಳಿದದ್ದನ್ನು ನಾನು ನೋಡಿದ್ದೇನೆ. ಖಾದ್ಯಗಳ ಪಟ್ಟಿ ಚಿಕ್ಕದಾದರೆ ಒಬ್ಬನೇ ಎರಡು ಮೂರು ಒಲೆಗಳ ಕೆಲಸ ಕಲಿಯಬಹುದು, ಆಗ ಒಬ್ಬ ಬಾರದ ದಿನ ಉಳಿದವರ ಬೆನ್ನು ಮುರಿಯುವುದಿಲ್ಲ. ಹಿಂದಿನ ಪತ್ರಕ್ಕೂ ನಿಮ್ಮ ಪತ್ರಕ್ಕೂ ಇರುವ ನಂಟು ಇದೇ.

ಟಿಪ್ಸ್ ರದ್ದುಮಾಡಿ ಎಲ್ಲರಿಗೂ ನಿಶ್ಚಿತ ಸಂಬಳ ಕೊಡುವ ಬಗ್ಗೆಯೂ ನೀವು ಕೇಳಿದ್ದೀರಿ. ನ್ಯೂಯಾರ್ಕಿನ ಪ್ರಸಿದ್ಧ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಅದನ್ನೇ ಪ್ರಯತ್ನಿಸಿದರು. ಬಡಿಸುವವರಿಗೂ ಅಡುಗೆಯವರಿಗೂ ಇದ್ದ ಗಳಿಕೆಯ ಅಂತರ ಕಡಿಮೆ ಮಾಡಬೇಕೆಂಬುದು ಅವರ ಉದ್ದೇಶವಾಗಿತ್ತು. ಅನುಭವಿಗಳಾದ ಬಡಿಸುವವರಲ್ಲಿ ಅನೇಕರು ಬಿಟ್ಟುಹೋದರು, 2020ರಲ್ಲಿ ಆ ಪ್ರಯೋಗವನ್ನೇ ಕೈಬಿಡಲಾಯಿತು. ಹೆಸರೂ ಬಂಡವಾಳವೂ ಇದ್ದವರಿಗೇ ಒಂಟಿಯಾಗಿ ಮಾಡಲಾಗದ ಬದಲಾವಣೆಯನ್ನು ಒಂದೇ ಹೋಟೆಲಿನ ನೀವು ಆರಂಭಿಸಬೇಕೆಂದು ನಾನು ಹೇಳಲಾರೆ. ಟಿಪ್ಸ್ ಹಣದಲ್ಲಿ ಪಾತ್ರೆ ತೊಳೆಯುವವರವರೆಗೆ ಎಲ್ಲರಿಗೂ ಪಾಲು ಸಿಗುವಂತೆ, ಎಲ್ಲರೂ ನೋಡುವ ಹಾಗೆ ಬರೆದ ಒಂದು ನಿಯಮ ಮಾಡಿ, ನಿಮ್ಮ ಊರಿನ ಕಾನೂನು ಅದನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಅಂತರ್ಜಾಲದ ವಿಮರ್ಶೆಗಳಿಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ?

ಉತ್ತರ: ಸರಣಿ ಹೋಟೆಲಿನವರು ಕೇಳಿದ್ದರೆ ಅಷ್ಟೇನೂ ಬೇಡ ಎನ್ನುತ್ತಿದ್ದೆ. ಹಾರ್ವರ್ಡಿನ ಮೈಕೆಲ್ ಲೂಕಾ ಅವರು ಸಿಯಾಟಲ್ ನಗರದ ಹೋಟೆಲುಗಳ ಆದಾಯವನ್ನು ಗಿರಾಕಿಗಳ ವಿಮರ್ಶೆಯ ತಾಣವಾದ ಯೆಲ್ಪ್‌ನ ನಕ್ಷತ್ರದ ಅಂಕಗಳೊಡನೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ನಕ್ಷತ್ರ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ, ಮತ್ತು ಈ ಪರಿಣಾಮ ಕಂಡದ್ದು ಸ್ವತಂತ್ರ ಹೋಟೆಲುಗಳಲ್ಲಿ, ಸರಣಿಯವುಗಳಲ್ಲಲ್ಲ. ಕಾರಣ ಸ್ಪಷ್ಟವಾಗಿದೆ. ಸರಣಿಯ ಫಲಕ ನೋಡಿದವನಿಗೆ ಒಳಗೇನು ಸಿಗುತ್ತದೆಂದು ಮೊದಲೇ ಗೊತ್ತು, ನಿಮ್ಮ ಫಲಕ ನೋಡಿದ ಅಪರಿಚಿತನಿಗೆ ಗೊತ್ತಿಲ್ಲ. ಹಾಗಾಗಿ ಈ ವಿಮರ್ಶೆಗಳು ನಿಮಗೆ ಕಾಟವಾದಷ್ಟೇ ಆಸರೆಯೂ ಹೌದು. ಹಣ ಕೊಟ್ಟು ಹೊಗಳಿಕೆ ಬರೆಸಬೇಡಿ. ದೂರಿಗೆ ಎರಡೇ ಸಾಲಿನಲ್ಲಿ, ವಾದ ಮಾಡದೆ ಉತ್ತರಿಸಿ, ಆ ಉತ್ತರವನ್ನು ಓದುವವನು ದೂರು ಬರೆದವನಲ್ಲ, ಮುಂದಿನ ಗಿರಾಕಿ. ಒಂದೇ ದೂರು ಮೂರು ಸಲ ಬಂದರೆ ಮಾತ್ರ ಅಡುಗೆಮನೆಗೆ ಒಯ್ಯಿರಿ.

ಪ್ರಶ್ನೆ: ಮೇಜು ಕಾದಿರಿಸಿ ಬಾರದೇ ಹೋಗುವವರಿಗೆ ಏನು ಮಾಡುವುದು?

ಉತ್ತರ: ಹಿಂದಿನ ದಿನ ಒಂದು ಸಂದೇಶ ಕಳುಹಿಸಿ, ಬರುವುದಿಲ್ಲವೆನ್ನಲು ಸುಲಭದ ದಾರಿ ಕೊಡಿ. ಆರಕ್ಕಿಂತ ಹೆಚ್ಚು ಮಂದಿಯ ಗುಂಪಿಗೆ ಮುಂಗಡ ಪಡೆಯಿರಿ. ಷಿಕಾಗೋದ ನೆಕ್ಸ್ಟ್ ಎಂಬ ಹೋಟೆಲ್ 2011ರಲ್ಲಿ ಊಟಕ್ಕೂ ನಾಟಕದಂತೆ ಮೊದಲೇ ಟಿಕೆಟ್ ಮಾರತೊಡಗಿತು, ಆದರೆ ಅಂತಹ ಬೇಡಿಕೆ ಎಲ್ಲರಿಗೂ ಇರುವುದಿಲ್ಲ.

ಪ್ರಶ್ನೆ: ನನಗೆ ನಲವತ್ತು ವರ್ಷ. ಉದ್ಯೋಗ ಬಿಟ್ಟು ಹೋಟೆಲ್ ತೆರೆಯಬೇಕೆಂದಿದ್ದೇನೆ. ನೂರಕ್ಕೆ ತೊಂಬತ್ತು ಹೋಟೆಲುಗಳು ಮೊದಲ ವರ್ಷವೇ ಮುಚ್ಚುತ್ತವೆ ಎಂದು ಎಲ್ಲರೂ ಹೆದರಿಸುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಎಚ್. ಜಿ. ಪಾರ್ಸಾ ಮತ್ತು ಸಂಗಡಿಗರು ಅಮೆರಿಕದ ಕೊಲಂಬಸ್ ನಗರದ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷ ಕೈಬಿಟ್ಟವು ಸುಮಾರು ಶೇ. 26, ಮೂರು ವರ್ಷಗಳಲ್ಲಿ ಸುಮಾರು ಶೇ. 60. ಇದರಲ್ಲಿ ಮಾಲೀಕತ್ವ ಬದಲಾದವೂ ಸೇರಿವೆ, ಅಂದರೆ ಎಲ್ಲವೂ ಬೀಗ ಹಾಕಿದವುಗಳಲ್ಲ. ಆ ಅಧ್ಯಯನಕಾರರು ಮಾಲೀಕರೊಡನೆ ಮಾತನಾಡಿದಾಗ ತಿಳಿದದ್ದು ನನಗೆ ಸಂಖ್ಯೆಗಳಿಗಿಂತ ಮುಖ್ಯವೆನಿಸುತ್ತದೆ. ಮುಚ್ಚಲು ಕಾರಣ ಯಾವಾಗಲೂ ನಷ್ಟವಾಗಿರಲಿಲ್ಲ, ಮನೆಯವರಿಗೆ ಸಮಯ ಕೊಡಲಾಗದೆ ಸೋತವರೂ ಅವರಲ್ಲಿದ್ದರು.

ಆದ್ದರಿಂದ ರಾಜೀನಾಮೆ ಕೊಡುವ ಮೊದಲು ಎರಡು ಕೆಲಸ ಮಾಡಿ. ಆರು ತಿಂಗಳು, ಸಂಬಳ ಕಡಿಮೆಯಾದರೂ ಸರಿ, ಇನ್ನೊಬ್ಬರ ಹೋಟೆಲಿನ ಅಡುಗೆಮನೆಯಲ್ಲಿಯೂ ಗಲ್ಲಾದಲ್ಲಿಯೂ ದುಡಿಯಿರಿ. ಆಮೇಲೆ ತೆರೆಯುವ ಖರ್ಚಿನ ಜೊತೆಗೆ, ಒಬ್ಬ ಗಿರಾಕಿಯೂ ಬಾರದಿದ್ದರೂ ಆರು ತಿಂಗಳ ಬಾಡಿಗೆ ಮತ್ತು ಸಂಬಳ ಕೊಡುವಷ್ಟು ಹಣವನ್ನು ಬೇರೆಯೇ ಖಾತೆಯಲ್ಲಿಡಿ. ಆ ಹಣವನ್ನು ಒಳಾಂಗಣದ ಅಲಂಕಾರಕ್ಕೆ ಮುಟ್ಟುವ ಆಸೆ ಖಂಡಿತ ಬರುತ್ತದೆ.

ಪ್ರಶ್ನೆ: ಮೇಜು ಕುರ್ಚಿಗಳಿಲ್ಲದ, ಬರೀ ವಿತರಣೆಗೆಂದೇ ಇರುವ ಕ್ಲೌಡ್ ಕಿಚನ್ ಸುಲಭವಲ್ಲವೇ? ನಮ್ಮ ಎರಡನೇ ಶಾಖೆಯನ್ನು ಹಾಗೆ ಮಾಡಬೇಕೆಂದಿದ್ದೇವೆ.

ಉತ್ತರ: ಬಾಡಿಗೆ ಖಂಡಿತ ಇಳಿಯುತ್ತದೆ, ಬಡಿಸುವವರ ಸಂಬಳವೂ ಇಲ್ಲ. ಆದರೆ ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಫಲಕವೂ ಇಲ್ಲ, ಆದ್ದರಿಂದ ಆ್ಯಪ್‌ನಲ್ಲಿ ಮೇಲಿನ ಸಾಲಿನಲ್ಲಿ ಕಾಣಿಸಿಕೊಳ್ಳಲು ಜಾಹೀರಾತಿಗೆ ಹಣ ಕೊಡಬೇಕಾಗುತ್ತದೆ. ಬಾಡಿಗೆ ಪಡೆಯುವ ಯಜಮಾನ ಬದಲಾದನಷ್ಟೇ. ಮೇಲೆ ಹೇಳಿದ 28ರ ಲೆಕ್ಕದಲ್ಲಿ ಅಲ್ಲಿನ ಅಡುಗೆಯವರ ಸಂಬಳ ಮತ್ತು ಬಾಡಿಗೆ ಪೂರ್ತಿ ತೀರಬೇಕಾದರೆ ದಿನಕ್ಕೆ ಎಷ್ಟು ಆರ್ಡರ್ ಬೇಕೆಂದು ಮೊದಲು ಲೆಕ್ಕ ಹಾಕಿ. ಜೊತೆಗೆ, ನೀವು ಒಂದು ವಾರ ಊರಲ್ಲಿಲ್ಲದಾಗ ಮೊದಲ ಹೋಟೆಲಿನ ಸಾಮಗ್ರಿಯ ವೆಚ್ಚ ಎಷ್ಟಾಯಿತೆಂದು ನೋಡಿ. ಅದು ನೂರರ ಲೆಕ್ಕದಲ್ಲಿ ಎರಡಕ್ಕಿಂತ ಹೆಚ್ಚು ಏರಿದ್ದರೆ ಎರಡನೆಯ ಅಡುಗೆಮನೆಯನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಿ.